ಕಸಿದುಕೊಂಡ ಡೋಲು ಮತ್ತು ಜಾಝ್

ದೊಡ್ಡ ಹೋಟೆಲುಗಳ ಮಂದ ಬೆಳಕಿನಲ್ಲಿ ಕೇಳಿಬರುವ ಜಾಝ್ ಸಂಗೀತವನ್ನು ನಾವು ಉಳ್ಳವರ ಶೋಕಿಯೆಂದು ತಿಳಿಯುತ್ತೇವೆ. ಅದರ ಬೇರುಗಳಿರುವುದು ಅಮೆರಿಕದ ಗುಲಾಮರು ದುಡಿದ ಹೊಲಗಳಲ್ಲಿ.

1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತಾ ದಂಗೆಯೆದ್ದರು. ದಂಗೆಯನ್ನು ಅಡಗಿಸಿದ ಬಿಳಿಯರು ಮರುವರ್ಷವೇ ಕಾನೂನು ತಂದು ಗುಲಾಮರ ಕೈಯಿಂದ ಡೋಲು, ಕೊಂಬುಗಳನ್ನು ಕಿತ್ತುಕೊಂಡರು. ಡೋಲಿಗೆ ಜನರನ್ನು ಒಟ್ಟುಗೂಡಿಸುವ ಶಕ್ತಿಯಿದೆ ಎಂಬುದು ಅವರಿಗೆ ಮನದಟ್ಟಾಗಿತ್ತು. ಆದರೆ ಲಯವನ್ನು ಜಪ್ತಿ ಮಾಡಲಾದೀತೆ? ಅದು ಚಪ್ಪಾಳೆಗೆ, ನೆಲಕ್ಕೆ ಬಡಿಯುವ ಪಾದಕ್ಕೆ, ತೊಡೆ ತಟ್ಟುವ ಅಂಗೈಗೆ ಇಳಿಯಿತು. ಹೊಲದಲ್ಲಿ ಒಬ್ಬ ಕೂಗಿ ಹಾಡಿದರೆ ಉಳಿದವರು ದನಿಗೂಡಿಸಿ ಜವಾಬು ಕೊಡುತ್ತಿದ್ದರು.

ಒಂಟಿಯಾಗಿ ದನಿ ಎಳೆದು ನಡುಗಿಸಿ ಹಾಡುವ ಹೊಲದ ಕೂಗೂ ಇತ್ತು. ಇತಿಹಾಸಕಾರ್ತಿ ಸಿಲ್ವಿಯಾನ್ ದಿಯುಫ್ ಅದರಲ್ಲಿ ಅಜಾನಿನ, ಕುರ್‌ಆನ್ ಪಠಣದ ಛಾಯೆಯನ್ನು ಗುರುತಿಸುತ್ತಾರೆ. ಸೆನೆಗಲ್, ಗ್ಯಾಂಬಿಯಾ ಕಡೆಯಿಂದ ಸೆರೆಹಿಡಿದು ತಂದವರಲ್ಲಿ ಮುಸ್ಲಿಮರೂ ಇದ್ದರಾದ್ದರಿಂದ ಈ ವಾದದಲ್ಲಿ ಹುರುಳಿದೆ. ಅಷ್ಟಕ್ಕೇ ಇಡೀ ಸಂಗೀತ ನಮ್ಮದೆಂದು ಹಕ್ಕು ಸಾಧಿಸಲು ಹೊರಡುವುದು ಬೇಡ. ಅದಕ್ಕೆ ಹತ್ತಾರು ಬೇರುಗಳಿವೆ.

1865ರಲ್ಲಿ ಗುಲಾಮಗಿರಿ ರದ್ದಾಯಿತು, ಬಡತನ ರದ್ದಾಗಲಿಲ್ಲ. ಆ ನಂತರದ ದಶಕಗಳಲ್ಲಿ ಹೊಲದ ಕೂಗು ಬ್ಲೂಸ್ ಆಯಿತು. ಒಂದು ಸಾಲು ಹಾಡಿ, ಅದನ್ನೇ ಮತ್ತೆ ಹಾಡಿ, ಮೂರನೆಯದರಲ್ಲಿ ಮಾತು ಮುಗಿಸುವುದು ಅದರ ರೂಢಿ. ಸಾಲುಗಳ ನಡುವಿನ ಬಿಡುವಿನಲ್ಲಿ ಗಿಟಾರು ಉತ್ತರಿಸುತ್ತದೆ. ಅದೇ ಹಳೆಯ ಸವಾಲ್-ಜವಾಬ್.

ನ್ಯೂ ಆರ್ಲಿಯನ್ಸ್ ಬಂದರಿನ ಕತೆ ಬೇರೆ. ಫ್ರೆಂಚರು, ಸ್ಪೇನಿನವರು ಆಳಿದ ಆ ಊರಲ್ಲಿ ಗುಲಾಮರಿಗೆ ಭಾನುವಾರ ಬಿಡುವಿತ್ತು. ಅವರು ಸೇರುತ್ತಿದ್ದ ಕಾಂಗೋ ಚೌಕದಲ್ಲಿ 500-600 ಮಂದಿ ನೆರೆದು ಡೋಲು ಬಾರಿಸಿ ಕುಣಿಯುತ್ತಿದ್ದುದನ್ನು 1819ರಲ್ಲಿ ವಾಸ್ತುಶಿಲ್ಪಿ ಬೆಂಜಮಿನ್ ಲಾಟ್ರೋಬ್ ಕಂಡು ಬರೆದಿಟ್ಟಿದ್ದಾನೆ.

ಅದೇ ಊರಿನ ಮಿಶ್ರ ರಕ್ತದ ಕ್ರಿಯೋಲರಲ್ಲಿ ಸ್ವರಲಿಪಿ ಓದಬಲ್ಲ, ಯುರೋಪಿನ ಶಿಸ್ತಿನಲ್ಲಿ ಪಳಗಿದ ವಾದಕರಿದ್ದರು. ಕರಿಯರಿಂದ ತಾವು ಬೇರೆ ಎಂದುಕೊಂಡವರೂ ಅವರಲ್ಲಿದ್ದರು. ಆದರೆ ಅವರಲ್ಲೇ ಒಬ್ಬನಾದ ಹೋಮರ್ ಪ್ಲೆಸ್ಸಿಯ ಮೊಕದ್ದಮೆಯಲ್ಲಿ 1896ರಲ್ಲಿ ಸುಪ್ರೀಂ ಕೋರ್ಟು ವರ್ಣಭೇದದ ರೈಲುಬೋಗಿಗಳನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಲ್ಲಿ ಎಲ್ಲರೂ ಕರಿಯರೇ. ಸ್ವರಲಿಪಿ ಬಲ್ಲವರೂ ಕಿವಿಯಿಂದಲೇ ಕಲಿತವರೂ ಒಂದೇ ಬ್ಯಾಂಡಿನಲ್ಲಿ ಕಲೆತರು. ಕಾರ್ನೆಟ್ ರಾಗ ಹಿಡಿದರೆ ಕ್ಲಾರಿನೆಟ್ ಅದರ ಸುತ್ತ ಹೆಣೆಯಿತು, ಟ್ರಾಂಬೋನ್ ಕೆಳಗಿನಿಂದ ಆನಿಸಿತು; ಯಾರದೂ ಬರೆದಿಟ್ಟದ್ದಲ್ಲ, ಆ ಕ್ಷಣದ್ದು.

ಈ ನುಡಿಸುವಿಕೆಗೆ ದಾರಿ ಮಾಡಿದವನೆಂದು ಹಳೆಯ ವಾದಕರು ನೆನೆಯುತ್ತಿದ್ದುದು ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್‌ನನ್ನು. ಅವನ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ. 1917ರಲ್ಲಿ ಹೊರಬಂದ ಮೊದಲ ಜಾಝ್ ತಟ್ಟೆಯಲ್ಲಿ ನುಡಿಸಿದವರೆಲ್ಲ ಬಿಳಿಯರು! ಕಿಂಗ್ ಆಲಿವರ್‌ನ ತಂಡ, ಅದರಲ್ಲಿದ್ದ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಮುದ್ರಣಯಂತ್ರದ ಮುಂದೆ ನಿಲ್ಲಲು 1923 ಬರಬೇಕಾಯಿತು. 1907ರಿಂದ ಮಾನಸಿಕ ಆಸ್ಪತ್ರೆಯಲ್ಲಿದ್ದ ಬೋಲ್ಡನ್ 1931ರಲ್ಲಿ ಅಲ್ಲಿಯೇ ತೀರಿಕೊಂಡ. ಅವನನ್ನು ಹೂತ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ.