ಉಗುಳಬೇಡಿ, ಅದು ಔಷಧಿ!

ಅಮ್ಮನ ಕೆಳದವಡೆಯ ಬುದ್ಧಿಹಲ್ಲು ಕೀಳಿಸಿದ್ದೆವು. ಬಾಯೆಲ್ಲ ರಕ್ತದ ರುಚಿ ಅಂತ ಅವಳು ಅವತ್ತೇ ಹತ್ತಾರು ಸಲ ಮುಕ್ಕಳಿಸಿ ಉಗುಳಿದಳು. ಮೂರನೇ ದಿನ ಕಿವಿಯವರೆಗೂ ನೋವು. "ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಇಲ್ಲ, ಮೂಳೆ ಕಾಣ್ತಿದೆ. ಡ್ರೈ ಸಾಕೆಟ್" ಅಂದರು ಡಾಕ್ಟರು. ಉಗುಳಬೇಡ ಅಂತ ನಾನೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಆ ಒಂದು ಚೂರು ಹೆಪ್ಪಿಗೆ ಇಷ್ಟು ಬೆಲೆಯಾ ಅಂತ ಓದುತ್ತಾ ಹೋದಾಗ ಸಿಕ್ಕ ಕಥೆ ಇದು.

1882ರಲ್ಲಿ ಇಟಲಿಯ ಬಿಝೋಜೆರೋ ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳ ಬಗ್ಗೆ ಬರೆದ. ಡೆಂಗಿ ಬಂದಾಗ ನಾವೆಲ್ಲ ಆತಂಕದಿಂದ ಎಣಿಸುತ್ತೇವಲ್ಲ, ಅದೇ ಪ್ಲೇಟ್‌ಲೆಟ್! ಅವು ಬರೀ ರಕ್ತ ನಿಲ್ಲಿಸುವುದಿಲ್ಲ, ಅವುಗಳಿಂದ ಹೊರಬರುವ ವಸ್ತು ಜೀವಕೋಶಗಳನ್ನು ಬೆಳೆಸುತ್ತದೆ ಅಂತ 1974ರಲ್ಲಿ ಅಮೆರಿಕದ ರಸಲ್ ರಾಸ್ ಮತ್ತು ಸಂಗಡಿಗರು ತೋರಿಸಿದರು.

ಬಾಯಿಯ ಶಸ್ತ್ರವೈದ್ಯರು ಇದನ್ನು ಹಿಡಿದುಕೊಂಡದ್ದು ತೊಂಬತ್ತರ ದಶಕದಲ್ಲಿ. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್, ರೋಗಿಯ ರಕ್ತದಿಂದಲೇ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ ತೆಗೆದು ದವಡೆಯ ಮೂಳೆ ಕಸಿಗೆ ಬೆರೆಸಿದರು. ಮರುವರ್ಷ ಸ್ಪೇನಿನ ಎಡ್ವಾರ್ಡೋ ಅನಿತುವಾ ಇಂಥದ್ದೇ ಪ್ಲಾಸ್ಮಾವನ್ನು ಹಲ್ಲು ಕಿತ್ತ ಗುಳಿಗೆ ತಂದರು. ಆದರೆ ಮಾರ್ಕ್ಸ್ ವಿಧಾನದಲ್ಲಿ ಒಂದು ಸರ್ಕಸ್ ಇತ್ತು. ಮೊದಲು ರಕ್ತ ಹೆಪ್ಪುಗಟ್ಟದಂತೆ ಔಷಧಿ, ಆಮೇಲೆ ಹೆಪ್ಪುಗಟ್ಟಲು ಹಸುವಿನ ಥ್ರಾಂಬಿನ್!

2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಈ ಎರಡನ್ನೂ ಬಿಟ್ಟರು. ತೋಳಿನಿಂದ ರಕ್ತ ತೆಗೆದು, ಏನೂ ಬೆರೆಸದೆ, ತಕ್ಷಣ ಸೆಂಟ್ರಿಫ್ಯೂಜಿನಲ್ಲಿ ಹತ್ತು-ಹನ್ನೆರಡು ನಿಮಿಷ ತಿರುಗಿಸಿದರೆ ಆಯಿತು. ಕೆಳಗೆ ಕೆಂಪು ಕಣ, ಮೇಲೆ ತಿಳಿ ಹಳದಿ ನೀರು, ನಡುವೆ ಫೈಬ್ರಿನ್ನಿನ ಮೆತ್ತನೆಯ ಗಟ್ಟಿ. ಆ ನಡುವಿನದೇ ಪಿಆರ್‌ಎಫ್. ಅದನ್ನು ಗುಳಿಯಲ್ಲಿಟ್ಟು ಹೊಲಿಗೆ ಹಾಕುತ್ತಾರೆ. ಅದರ ಬಲೆಯಲ್ಲಿ ಸಿಕ್ಕಿಕೊಂಡ ಪ್ಲೇಟ್‌ಲೆಟ್‌ಗಳು ಬೆಳವಣಿಗೆಯ ಅಂಶಗಳನ್ನು ದಿನಗಟ್ಟಲೆ ನಿಧಾನವಾಗಿ ಬಿಡುತ್ತವೆ.

ಹಾಗಂತ ಇದೇನು ಮಂತ್ರದಂಡವಲ್ಲ. ಕೆಳಗಿನ ಬುದ್ಧಿಹಲ್ಲು ತೆಗೆದಾಗ ನೋವು, ಡ್ರೈ ಸಾಕೆಟ್ ಎರಡೂ ಕಮ್ಮಿ ಅಂತ ಹಲವು ಪರೀಕ್ಷೆಗಳು ಹೇಳುತ್ತವೆ. ಮೂಳೆ ಚೆನ್ನಾಗಿ ಬೆಳೆಯುತ್ತದೆಯೇ ಅಂದರೆ ಒಬ್ಬೊಬ್ಬರದು ಒಂದೊಂದು ಫಲಿತಾಂಶ.

ನನಗೆ ತಟ್ಟಿದ್ದು ಬೇರೆ. ಇವರೆಲ್ಲ ಯಂತ್ರ ತಿರುಗಿಸಿ ಒಟ್ಟುಗೂಡಿಸಿದ್ದು ಯಾವುದನ್ನೋ, ಅದನ್ನೇ ಅಮ್ಮ ಅವತ್ತು ಬಚ್ಚಲಿಗೆ ಉಗುಳಿದ್ದಳು.

ಹೋದ ತಿಂಗಳು ಇನ್ನೊಂದು ಕಡೆಯ ಹಲ್ಲು ಕೀಳಿಸಿದೆವು. ಯಂತ್ರವೂ ಇಲ್ಲ, ಪಿಆರ್‌ಎಫ್ಫೂ ಇಲ್ಲ. ಹತ್ತಿ ಕಚ್ಚಿಸಿ, "ನಾಳೆವರೆಗೂ ಮುಕ್ಕಳಿಸೋ ಹಾಗಿಲ್ಲ" ಅಂತ ಪಕ್ಕದಲ್ಲೇ ಕಾವಲು ಕೂತಿದ್ದೆ. ನನ್ನನ್ನು ದುರುಗುಟ್ಟಿ ನೋಡುತ್ತಾ ಎಂಜಲು ನುಂಗಿದಳು. ನಾಲ್ಕನೇ ದಿನ ರೊಟ್ಟಿ ತಿಂದಳು :)