ಹಂಜಮಾನ: ಕಡಲು ದಾಟಿ ಬಂದವರ ಕೂಟ

ವಿಜಯನಗರ ಕಾಲದ ಕರಾವಳಿ ಶಾಸನಗಳು ಊರಿನ ಸಂಘಗಳನ್ನು ಹೆಸರಿಸುವಾಗ ಹಲರು, ಸೆಟ್ಟಿಕಾರರು, ನಖರ ಎಂಬ ಪದಗಳನ್ನು ಬಳಸುತ್ತವೆ. ‘ಹಲರು’ ಅಚ್ಚಗನ್ನಡ, ಹಲವರು ಸೇರಿದ ಊರ ಕೂಟ ಎಂದರ್ಥ. ‘ನಖರ’ ಸಂಸ್ಕೃತದ ‘ನಗರ’ದಿಂದ ಬಂದದ್ದು, ವರ್ತಕರ ಸಂಘಕ್ಕೆ ಸಲ್ಲುವ ಹೆಸರು. ಇವುಗಳ ನೆರೆಯಲ್ಲೇ ‘ಹಂಜಮಾನ’ ಎಂಬ ಇನ್ನೊಂದು ಪದ ಸಿಗುತ್ತದೆ. ಅದರ ಬೇರು ಕನ್ನಡದಲ್ಲಿಲ್ಲ, ಸಂಸ್ಕೃತದಿಂದ ನೇರವಾಗಿ ಬಂದದ್ದೂ ಅಲ್ಲ. ಆದರೂ ಶಾಸನ ಬರೆಸಿದವರು ಅದಕ್ಕೆ ವಿವರಣೆ ಕೊಡುವುದಿಲ್ಲ. ಓದುವವರಿಗೆಲ್ಲ ಅದು ಗೊತ್ತಿರುವ ಪದ ಎಂಬ ಭರವಸೆ ಅವರಿಗಿತ್ತು.

ಹಂಜಮಾನ ಎಂದರೆ ಪಶ್ಚಿಮ ಏಷ್ಯಾದಿಂದ ಬಂದು ರೇವುಪಟ್ಟಣಗಳಲ್ಲಿ ನೆಲೆಸಿದ ವರ್ತಕರ ಸಂಘ. ಕನ್ನಡದ ಶಾಸನಗಳಲ್ಲಿ ಅದು ಹೆಚ್ಚಾಗಿ ಮುಸ್ಲಿಂ ವರ್ತಕರ ಸಂಘವನ್ನು ಹೇಳುತ್ತದೆ. ಪದ ಪಾರಸಿ ಮೂಲದ್ದು. ಇಂದಿನ ಪಾರಸಿಯ ‘ಅಂಜುಮನ್’ ಎಂದರೆ ಸಭೆ, ಕೂಟ. ಅದರ ಹಿಂದಿನ ರೂಪ ಮಧ್ಯಕಾಲೀನ ಪಾರಸಿಯ ‘ಹಂಜಮನ್’. ಇನ್ನೂ ಹಿಂದಕ್ಕೆ ಹೋದರೆ ಜರತುಷ್ಟ್ರ ಧರ್ಮದ ಪವಿತ್ರ ಗ್ರಂಥವಾದ ಅವೆಸ್ತಾದ ‘ಹಂಜಮನ’. ಅವೆಸ್ತಾದ ಭಾಷೆಯಲ್ಲಿ ‘ಹಮ್’ ಎಂದರೆ ಒಟ್ಟಾಗಿ. ‘ಗಮ್’ ಎಂದರೆ ಹೋಗು, ಬರು. ಸಂಸ್ಕೃತದ ‘ಸ’ಕಾರ ಇರಾನಿನ ಭಾಷೆಗಳಲ್ಲಿ ‘ಹ’ ಆಗುವುದು ಸಾಮಾನ್ಯ ನಿಯಮ. ಸಿಂಧು ಹಿಂದು ಆದದ್ದೂ, ಸಪ್ತ ಹಪ್ತ ಆದದ್ದೂ ಹೀಗೆಯೇ. ಈ ನಿಯಮದಂತೆ ‘ಹಂಜಮನ’ಕ್ಕೆ ಸರಿಸಾಟಿಯಾದ ಸಂಸ್ಕೃತ ಪದ ‘ಸಂಗಮನ’. ನಾವು ನದಿಗಳು ಕೂಡುವ ಜಾಗಕ್ಕೆ ಹೇಳುವ ‘ಸಂಗಮ’ವೂ ಇದೇ ಬೇರಿನದು. ಎಂದೋ ಅಗಲಿದ ಎರಡು ದಾಯಾದಿ ಪದಗಳಲ್ಲಿ ಒಂದು ನೆಲದ ಹಾದಿಯಲ್ಲಿ, ಇನ್ನೊಂದು ಕಡಲ ಹಾದಿಯಲ್ಲಿ ಕನ್ನಡ ಸೇರಿದವು.

ಕನ್ನಡದ ರೂಪದಲ್ಲಿ ‘ಹ’ಕಾರ ಉಳಿದಿರುವುದು ಗಮನಾರ್ಹ. ಹೊಸ ಪಾರಸಿ ಈ ಮೊದಲಕ್ಷರವನ್ನು ಬಿಟ್ಟುಕೊಟ್ಟಿತು, ಕರಾವಳಿಯ ಕಲ್ಲುಗಳು ಬಿಡಲಿಲ್ಲ. ಅಂದರೆ ಪದ ನಮ್ಮಲ್ಲಿಗೆ ಬಂದದ್ದು ಅದರ ಹಳೆಯ ಉಚ್ಚಾರ ಇನ್ನೂ ಬಾಯಲ್ಲಿದ್ದ ಜನರಿಂದ. ಅಷ್ಟು ಹೊತ್ತಿಗೆ ಕನ್ನಡದಲ್ಲಿ ಪಾಲು ಹಾಲಾಗಿ, ಪಣ್ಣು ಹಣ್ಣಾಗಿ, ‘ಹ’ದಿಂದ ಶುರುವಾಗುವ ಪದಗಳು ತುಂಬಿಕೊಂಡಿದ್ದವು. ಹಾಗಾಗಿ ಹಂಜಮಾನ ನಮ್ಮ ಕಿವಿಗೆ ಒರಟಾಗಿ ಕೇಳಿಸಲಿಲ್ಲ. ಕೊನೆಯ ‘ಮನ’ ದೀರ್ಘವಾಗಿ ‘ಮಾನ’ ಆದದ್ದಕ್ಕೆ ‘ಯಜಮಾನ’ದಂಥ ಪದಗಳ ಒಡನಾಟ ಕಾರಣವಿರಬಹುದೆಂಬುದು ನನ್ನ ಊಹೆ. ವರ್ತಕರ ಕೂಟವನ್ನು ಹೇಳುವ ಪದಕ್ಕೆ ಆ ಪ್ರಾಸ ಒಗ್ಗುತ್ತದೆ.

ನೆರೆಯ ಭಾಷೆಗಳಲ್ಲಿ ಇದೇ ಪದ ಬೇರೆ ವೇಷ ತೊಟ್ಟಿತು. ತಮಿಳು, ಮಲಯಾಳಂ ಸೀಮೆಯಲ್ಲಿ ಅದು ‘ಅಂಜುವಣ್ಣಂ’. ಕೊಲ್ಲಂನ ಚರ್ಚಿಗೆ ಸಂಬಂಧಿಸಿದ, ಕ್ರಿ.ಶ. 849ರ ತರಿಸಾಪಳ್ಳಿ ತಾಮ್ರಪಟಗಳಲ್ಲಿ ಅಂಜುವಣ್ಣಂ ಮತ್ತು ಮಣಿಗ್ರಾಮಂ ಎಂಬ ಎರಡು ಸಂಘಗಳಿಗೆ ವಹಿಸಿಕೊಟ್ಟ ಹಕ್ಕು ಹೊಣೆಗಳಿವೆ. ಆ ಪಟಗಳ ಸಾಕ್ಷಿ ರುಜುಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿವೆ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಚೇರ ದೊರೆ ಭಾಸ್ಕರ ರವಿ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಕೊಟ್ಟ ಪಟದಲ್ಲೂ ಅಂಜುವಣ್ಣಂ ಇದೆ. ‘ಅಂಜು’ ಎಂದರೆ ಐದು, ‘ವಣ್ಣಂ’ ಎಂದರೆ ವರ್ಣ ಎಂದು ಬಿಡಿಸಿ, ಐದು ಜಾತಿಯವರ ಅಥವಾ ಐದು ಕಸುಬಿನವರ ಸಂಘ ಎಂದು ಹಿಂದಿನ ಕೆಲವು ವಿದ್ವಾಂಸರು ಅರ್ಥ ಮಾಡಿದ್ದರು. ಪರಭಾಷೆಯ ಪದಕ್ಕೆ ಜನ ತಮ್ಮ ಮಾತಿನಲ್ಲೇ ಅರ್ಥ ಕಂಡುಕೊಳ್ಳುವುದು ಎಲ್ಲ ಭಾಷೆಗಳಲ್ಲೂ ನಡೆಯುವ ಕ್ರಿಯೆ. ಕನ್ನಡದ ‘ಹಂಜಮಾನ’ವನ್ನು ಪಕ್ಕದಲ್ಲಿಟ್ಟು ನೋಡಿದಾಗ ಈ ಐದರ ಲೆಕ್ಕ ತಾನಾಗಿ ಬಿದ್ದುಹೋಗುತ್ತದೆ.

ಉತ್ತರದಲ್ಲಿ, ಕೊಂಕಣದ ಶಿಲಾಹಾರರ ತಾಮ್ರಶಾಸನಗಳಲ್ಲಿ ‘ಹಂಯಮನ’ ಎಂಬ ರೂಪವಿದೆ. ‘ನಗರ’, ‘ಪೌರ’ ಎಂಬ ಪದಗಳ ಒತ್ತಿನಲ್ಲಿ ಅದು ಬರುವುದರಿಂದ ಬಹುಕಾಲ ಅದನ್ನು ಊರಿನ ಹೆಸರೆಂದು ತಿಳಿದು, ಗುಜರಾತಿನ ಸಂಜಾಣವೇ ಅದು ಎಂದು ಗುರುತಿಸಲು ಯತ್ನಿಸಿದವರಿದ್ದಾರೆ. ಇಲ್ಲಿಯೂ ಕನ್ನಡದ ಶಾಸನಗಳು ನೆರವಿಗೆ ಬರುತ್ತವೆ. ನಮ್ಮಲ್ಲಿ ನಖರ, ಹಂಜಮಾನ ಎರಡೂ ಜೊತೆಜೊತೆಯಾಗಿ ಸಂಘಗಳಾಗಿಯೇ ಬರುವುದರಿಂದ, ಶಿಲಾಹಾರರ ‘ನಗರ’ವೂ ‘ಹಂಯಮನ’ವೂ ಸ್ಥಳದ ಹೆಸರಲ್ಲ, ಜನರ ಕೂಟ ಎಂದು ಓದುವುದೇ ಸರಿ.

ಸಂಘದ ಹೆಸರು ಸಿಕ್ಕಿತು. ಅಂಥ ಸಂಘಗಳಲ್ಲಿ ಸೇರಿಕೊಳ್ಳುತ್ತಿದ್ದ ಜನರ ಬಾಳು ಹೇಗಿತ್ತು? ಶಾಸನಗಳು ಬಹುಮಟ್ಟಿಗೆ ಸಮೂಹವನ್ನು ಹೇಳಿ ಸುಮ್ಮನಾಗುತ್ತವೆ. ಬಿಡಿ ಮನುಷ್ಯರು ಸಿಗುವುದು ಬೇರೆ ಕಡೆ. ಈಜಿಪ್ಟಿನ ಹಳೆಯ ಕೈರೋದಲ್ಲಿ, ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳಿಂದ ಕೂಡಿಟ್ಟಿದ್ದ ಕಾಗದಗಳ ದೊಡ್ಡ ರಾಶಿ 1896–97ರಲ್ಲಿ ಕೇಂಬ್ರಿಜ್‌ಗೆ ಸಾಗಿತು. ಅದರಲ್ಲಿ ಮಂಗಳೂರಿನ ಕಥೆಯಿದೆ.

ಟುನೀಸಿಯಾದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ, ನಡುವೆ ಅಲ್ಪಸ್ವಲ್ಪ ಓಡಾಟ ಬಿಟ್ಟರೆ, ಮಲಬಾರ್ ತೀರದಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ ನೆಲೆಸಿದ್ದ. ಮೆಣಸು, ಅಡಕೆ, ಕಬ್ಬಿಣವನ್ನು ಯೆಮೆನಿನ ರೇವಾದ ಏಡನ್ನಿಗೆ ಕಳಿಸುತ್ತಿದ್ದ. ಹಿತ್ತಾಳೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಒಡೆದ ಹಳೆಯ ಪಾತ್ರೆಗಳು ಏಡನ್ನಿನಿಂದ ಬಂದು, ಇಲ್ಲಿಂದ ಹೊಸದಾಗಿ ಮರಳುತ್ತಿದ್ದವು. ಏಡನ್ನಿನ ಗೆಳೆಯರು ಅವನಿಗೆ ಬರೆಯುವ ಕಾಗದವನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು, ಓಲೆಗರಿಯ ನಾಡಿನಲ್ಲಿ ಅದು ದುರ್ಲಭ. ಏಡನ್ನಿನ ದೊಡ್ಡ ವರ್ತಕ ಮದ್ಮುನ್ ಬರೆದ ಪತ್ರವೊಂದರಲ್ಲಿ ಇಲ್ಲಿನ ವರ್ತಕರಾದ ಸೂಸ್ ಸೀತಿ, ಕಿನಾಬ್ತಿ, ಇಸ್‌ಹಾಕ್ ಎಂಬವರ ಹೆಸರುಗಳಿವೆ. ಆ ‘ಸೀತಿ’ ನಮ್ಮ ‘ಸೆಟ್ಟಿ’ ಎಂದು ಓದಲು ಅಡ್ಡಿಯಿಲ್ಲ. ನಖರದವರೂ ಹೊರಗಿನವರೂ ಒಂದೇ ವ್ಯವಹಾರದಲ್ಲಿ ಕೈಜೋಡಿಸುತ್ತಿದ್ದರೆಂಬುದಕ್ಕೆ ಅರಬ್ಬಿ ಮಾತಿನಲ್ಲಿ, ಹೀಬ್ರೂ ಲಿಪಿಯಲ್ಲಿ ಉಳಿದ ಪುರಾವೆ ಇದು.

ಅದೇ ಕೋಣೆಯಲ್ಲಿದ್ದ ಕಾಗದಗಳಲ್ಲಿ 17 ಅಕ್ಟೋಬರ್ 1132ರ ಒಂದು ಪತ್ರವಿದೆ. ಮಂಗಳೂರಿನಲ್ಲಿ ಬರೆದದ್ದು. ಬೆನ್ ಯಿಜು ತನ್ನ ದಾಸಿ ಅಶು ಎಂಬವಳನ್ನು ಬಿಡುಗಡೆ ಮಾಡಿದ ದಾಖಲೆ. ಅವನ ಮಕ್ಕಳ ತಾಯಿ ಅವಳೇ ಎಂದು ಈ ಪತ್ರಗಳನ್ನು ಅಧ್ಯಯನ ಮಾಡಿದ ಎಸ್.ಡಿ. ಗೋಯ್ಟೆನ್ ಅಭಿಪ್ರಾಯಪಟ್ಟಿದ್ದಾರೆ. ಬೆನ್ ಯಿಜುವಿನ ಇನ್ನೊಬ್ಬ ಸೇವಕ, ಏಡನ್ನಿಗೆ ಹೋಗಿ ಸರಕು ಮಾರಿ ಕೊಂಡು ಬರುತ್ತಿದ್ದವ, ಪತ್ರಗಳಲ್ಲಿ ಮೂರು ವ್ಯಂಜನಗಳಾಗಿ ಮಾತ್ರ ಕಾಣುತ್ತಾನೆ. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು, ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವು ಪಡೆದು, ಆ ಹೆಸರನ್ನು ‘ಬೊಮ್ಮ’ ಎಂದು ಓದಿದರು. ಬ್ರಹ್ಮನ ತದ್ಭವವಾದ, ತುಳುನಾಡಿಗೆ ಸಹಜವಾದ ಹೆಸರು. ಏಡನ್ನಿನ ವರ್ತಕನೊಬ್ಬ 1148ರ ಪತ್ರದಲ್ಲಿ ಈ ಬೊಮ್ಮನಿಗೂ ವಂದನೆ ಹೇಳುತ್ತಾನೆ. ರಾಜರ ವಂಶಾವಳಿ ಬರೆದ ಕಲ್ಲುಗಳು ಇವನಿಗೆ ಜಾಗ ಕೊಡಲಿಲ್ಲ, ಕಡಲಾಚೆಯ ಒಬ್ಬ ವರ್ತಕ ಕೊಟ್ಟ.

ಎರಡು ಶತಮಾನಗಳ ತರುವಾಯ, 1342ರ ಹೊತ್ತಿಗೆ, ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇದೇ ತೀರದಲ್ಲಿ ಸಾಗಿದ. ಹೊನ್ನಾವರದಲ್ಲಿ ಹುಡುಗಿಯರ 13, ಹುಡುಗರ 23 ಶಾಲೆಗಳನ್ನು ಕಂಡೆನೆಂದು ಬರೆಯುತ್ತಾನೆ. ಮಂಗಳೂರಿನಲ್ಲಿ ಸುಮಾರು 4000 ಮುಸಲ್ಮಾನರು ಊರಿನ ಒಂದು ಬದಿಗೆ ತಮ್ಮದೇ ಕೇರಿಯಲ್ಲಿದ್ದರು, ಪಾರಸ ಮತ್ತು ಯೆಮೆನಿನ ವರ್ತಕರು ಇಲ್ಲಿ ಇಳಿಯುತ್ತಿದ್ದರು ಎನ್ನುತ್ತಾನೆ. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರಿಲ್ಲದೆ ನಡೆಯದೆಂದು ಅರಸನೇ ರಾಜಿ ಮಾಡಿಸುತ್ತಿದ್ದ ಎಂದೂ ಹೇಳುತ್ತಾನೆ. ಹಂಜಮಾನದಂಥ ಸಂಘ ಏಕೆ ಬೇಕಿತ್ತೆಂದು ಈ ಸಾಲು ಹೇಳುತ್ತದೆ. ಮಳೆಗಾಲದ ಕೊನೆಯ ಗಾಳಿಗೆ ಬಂದ ಹಡಗು ಮರಳಲು ಚಳಿಗಾಲದ ಗಾಳಿಗೆ ಕಾಯಬೇಕು. ಆ ತಿಂಗಳುಗಳಲ್ಲಿ ಸಾಲ ಕೊಡುವುದು, ತೂಕದ ತಕರಾರು ಬಗೆಹರಿಸುವುದು, ಸತ್ತವನ ಸರಕು ಕಾಯುವುದು, ಸುಂಕದ ಮಾತು ಆಡುವುದು ಒಂಟಿ ವರ್ತಕನ ಕೈಲಾಗುವ ಕೆಲಸವಲ್ಲ. ಊರಿಗೆ ಅವನ ಪರವಾಗಿ ಉತ್ತರ ಕೊಡುವ ಒಂದು ಕೂಟ ಬೇಕು. ಆ ಕೂಟವನ್ನು ಊರೂ ಮಾನ್ಯ ಮಾಡಿತ್ತೆಂಬುದಕ್ಕೆ ಹಲರು, ನಖರದೊಡನೆ ಒಂದೇ ಪಂಕ್ತಿಯಲ್ಲಿ ಕೂತಿರುವ ಹಂಜಮಾನವೇ ಸಾಕ್ಷಿ.

ಈ ಪಂಕ್ತಿ ಕದಡಿದ್ದು ಹದಿನಾರನೆಯ ಶತಮಾನದಲ್ಲಿ. ವಾಸ್ಕೋ ಡ ಗಾಮ 1502ರಲ್ಲಿ ಭಟ್ಕಳದ ಮೇಲೆ ಬಿದ್ದು ಕಪ್ಪ ಹೇರಿದ. ಪೋರ್ಚುಗೀಸರ ರಹದಾರಿ ಪತ್ರವಿಲ್ಲದೆ ಹಡಗು ಸಾಗದಂತಾಯಿತು. 1568–69ರ ಹೊತ್ತಿಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳು ಎದ್ದವು. ಅರಬ್ಬಿ, ಪಾರಸಿ ವರ್ತಕರ ಸಂಘಕ್ಕೆ ಆಧಾರವಾಗಿದ್ದ ವ್ಯಾಪಾರವೇ ಕುಸಿದಾಗ, ಅದರ ಹೆಸರೂ ಬರವಣಿಗೆಯಿಂದ ಕ್ರಮೇಣ ಜಾರಿತು. ಆ ಜನರ ಬಾಳು ಮಾತ್ರ ಇಲ್ಲಿಯೇ ಬೇರು ಬಿಟ್ಟಿತ್ತು. ಕರಾವಳಿಯ ಮುಸ್ಲಿಂ ಸಮುದಾಯಗಳಾದ ನವಾಯತರ, ಬ್ಯಾರಿಗಳ ಮಾತಿನಲ್ಲಿ, ಮನೆತನಗಳಲ್ಲಿ, ಅಡುಗೆಯಲ್ಲಿ ಅದು ಮುಂದುವರಿಯಿತು. ಸಮುದಾಯದ ಕೂಟಕ್ಕೆ ಅರಬ್ಬಿಯ ‘ಜಮಾತ್’ ಎಂಬ ಪದ ನೆಲೆಗೊಂಡಿತು.

ಪದ ಇನ್ನೊಮ್ಮೆ ಬಂದದ್ದು ಉರ್ದುವಿನ ಮೂಲಕ, ‘ಹ’ಕಾರ ಕಳೆದುಕೊಂಡು, ‘ಅಂಜುಮನ್’ ಆಗಿ. 1919ರಲ್ಲಿ ಭಟ್ಕಳದಲ್ಲಿ ಸ್ಥಾಪನೆಯಾದ ‘ಅಂಜುಮನ್ ಹಾಮಿ-ಎ-ಮುಸ್ಲಿಮೀನ್’ ಇಂದಿಗೂ ಶಾಲೆ, ಕಾಲೇಜುಗಳನ್ನು ನಡೆಸುತ್ತಿದೆ. ಜರತುಷ್ಟ್ರ ಧರ್ಮದವರಾದ ಮುಂಬಯಿಯ ಪಾರಸಿಗಳೂ ತಮ್ಮ ಸಮುದಾಯದ ಸಭೆಗೆ ‘ಅಂಜುಮನ್’ ಎಂದೇ ಹೇಳುತ್ತಾರೆ. ಅವೆಸ್ತಾದ ಮಕ್ಕಳೂ ಕುರಾನಿನ ಮಕ್ಕಳೂ ಹಂಚಿಕೊಂಡ ಈ ಪದವನ್ನು, ಅದು ತನ್ನ ತವರಿನಲ್ಲಿ ಕಳೆದುಕೊಂಡ ಅಕ್ಷರದ ಸಮೇತ ಕಾಪಾಡಿಟ್ಟವರು ಕನ್ನಡದ ಶಾಸನಕಾರರು.

ಆದ್ದರಿಂದ ಹಂಜಮಾನಕ್ಕೆ ‘ವಿದೇಶಿ ವರ್ತಕರ ಸಂಘ’ ಎಂಬಷ್ಟೇ ಅರ್ಥ ಸಾಲದು. ವಿದೇಶಿಯೆಂದು ಆ ಕಾಲದ ಊರು ಅವರನ್ನು ಪಂಕ್ತಿಯ ಹೊರಗೆ ಕೂರಿಸಿರಲಿಲ್ಲ. ತನ್ನ ನಿರ್ಧಾರಗಳಲ್ಲಿ ಅವರಿಗೂ ಪಾಲು ಕೊಟ್ಟು, ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರಿನಿಂದಲೇ ಕರೆದಿತ್ತು. ಜಗಳವಿದ್ದೂ ಜೊತೆಗೆ ಬಾಳುವ ಏರ್ಪಾಡು ಅದು. ಕರಾವಳಿಯ ಚರಿತ್ರೆಯನ್ನು ಒಂದೇ ಮತದ, ಒಂದೇ ನುಡಿಯ ಸೊತ್ತಾಗಿ ಹೇಳುವವರು ಈ ಕಲ್ಲುಗಳನ್ನು ಓದಲಿ. ಅರಸರ, ಬಲ್ಲಾಳರ ಹೆಸರಿನ ಜೊತೆಗೆ ಅಶುವಿನ ಹೆಸರೂ ಬೊಮ್ಮನ ಹೆಸರೂ ನಮ್ಮ ಮಕ್ಕಳ ಪಾಠದಲ್ಲಿ ಬರಲಿ.