ಲಿನಕ್ಸ್ ಗಣಕಕ್ಕೆ ಆಫೀಸು ಬಂದ ಕಥೆ



ನಮ್ಮ ಸನಮಡಿ ಜತ್ತ ತಾಲೂಕಿನಲ್ಲಿದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಕಲಿಸುವ ಮಾತು ಕನ್ನಡ. ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿಯವರು ಕನ್ನಡದಲ್ಲಿಯೇ ಮುದ್ರಿಸಿ ಕೊಡುತ್ತಾರೆ. ಆದರೆ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಸ್ನೇಹಸಮ್ಮೇಳನದ ಆಮಂತ್ರಣ, ಪಾಲಕರ ಸಭೆಯ ನೋಟೀಸು ಇವೆಲ್ಲ ನಾವೇ ಮಾಡಿಕೊಳ್ಳಬೇಕಾದವು. ಪೇಟೆಯ ಡಿಟಿಪಿ ಅಂಗಡಿಗೆ ಹೋದರೆ ಮರಾಠಿ ಇದೆ, ಇಂಗ್ಲಿಷ್ ಇದೆ, ಕನ್ನಡಕ್ಕೆ ನಾಳೆ ಬನ್ನಿ ಎನ್ನುತ್ತಿದ್ದರು.

ಹೀಗಿರುವಾಗ 2009ರ ಸುಮಾರಿಗೆ ನಮಗೊಂದು ಹಳೆಯ ಗಣಕಯಂತ್ರ ದೊರೆಯಿತು. ಅದರಲ್ಲಿ ಉಬುಂಟು ಲಿನಕ್ಸ್ ಇತ್ತು. ಆಗ ಕೇಳಿದವರಿಗೆ ಉಬುಂಟು ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಆಫೀಸ್ ತಂತ್ರಾಂಶದ ಕೆಲಸಕ್ಕೆ ಓಪನ್ ಆಫೀಸ್ ಇತ್ತು, ಆದರೆ ಹಳೆಯ ಆವೃತ್ತಿ.

ಈ ತಂತ್ರಾಂಶದ ಹಿಂದಿನ ಕಥೆ ಸ್ವಾರಸ್ಯದ್ದು. 1985ರಲ್ಲಿ ಜರ್ಮನಿಯ ಮಾರ್ಕೋ ಬೋರಿಸ್ ಎಂಬ ಹುಡುಗ, ನಮ್ಮ ಹತ್ತನೆಯ ಇಯತ್ತೆಯ ಮಕ್ಕಳ ವಾರಿಗೆಯವನು, ಸ್ಟಾರ್ ಡಿವಿಜನ್ ಎಂಬ ಕಂಪನಿ ತೆಗೆದ. ಅವರ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡು, 2000ದ ಅಕ್ಟೋಬರಿನಲ್ಲಿ ಅದರ ಮೂಲಸಂಕೇತವನ್ನೇ ಎಲ್ಲರಿಗೂ ತೆರೆದಿಟ್ಟಿತು. 2002ರಲ್ಲಿ ಓಪನ್ ಆಫೀಸ್ 1.0 ಬಂದಿತು. ಮುಂದೆ 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅನೇಕ ಕೆಲಸಗಾರರು ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು. ಅವರ ಲಿಬ್ರೆ ಆಫೀಸ್ 2011ರ ಜನವರಿಯಲ್ಲಿ ಹೊರಬಂತು. ಅಣ್ಣತಮ್ಮಂದಿರು ಪಾಲಾದಂತೆ ಎನ್ನಬಹುದು; ಆದರೆ ಇಲ್ಲಿ ಹೊಲ ಇಬ್ಬರಿಗೂ ಪೂರ್ತಿ ಸಿಕ್ಕಿತು.

ಅಂತರ್ಜಾಲವಿದ್ದ ಲಿನಕ್ಸ್ ಯಂತ್ರ ಹೊಸ ಪ್ಯಾಕೇಜನ್ನು ತಾನೇ ತರಿಸಿಕೊಳ್ಳುತ್ತದೆ. ನಮ್ಮಲ್ಲಿ ಆಗ ಕರೆಂಟಿನ ಭರವಸೆಯೇ ಇರಲಿಲ್ಲ, ಅಂತರ್ಜಾಲ ಎಲ್ಲಿಯದು? ವಿಜಾಪುರಕ್ಕೆ ಹೋದವರು ಸೈಬರ್ ಕೆಫೆಯಲ್ಲಿ ಕುಳಿತು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರಬೇಕು. ಅದು ಗಂಟು ಕಟ್ಟಿದ ಒಂದು ಕಡತ. ಗಂಟು ಬಿಚ್ಚಿದರೆ ಒಳಗೆ ಹತ್ತಾರು ಡೆಬ್ ಪ್ಯಾಕೇಜುಗಳು. ಹಳೆಯ ಆವೃತ್ತಿಯನ್ನು ಮೊದಲು ತೆಗೆದು, ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಆ ಫೋಲ್ಡರಿಗೆ ಹೋಗಿ, ಸುಡೊ ಎಂದು ಅಧಿಕಾರ ಪಡೆದು ಡಿಪಿಕೆಜಿ ಆಜ್ಞೆ ಕೊಟ್ಟರೆ ಎಲ್ಲವೂ ಸಾಲಾಗಿ ಕೂರುತ್ತಿದ್ದವು. ಒಂದು ಅಕ್ಷರ ತಪ್ಪಿದರೂ ಯಂತ್ರ ಒಪ್ಪುವುದಿಲ್ಲ. ಶುದ್ಧಲೇಖನದಲ್ಲಿ ನಾವು ಮಕ್ಕಳಿಗೆ ಕಾಡುವುದನ್ನು ಅದು ನಮಗೆ ತೀರಿಸಿಕೊಂಡಿತು.

ಆಫೀಸು ಬಂತು, ಕನ್ನಡ ಬರಲಿಲ್ಲ. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ನಾವು ವಿಂಡೋಸಿನಲ್ಲಿ ನುಡಿ ಫಾಂಟಿನಿಂದ ಮಾಡಿಟ್ಟಿದ್ದೆವು. ಅವನ್ನು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ವಂತ ಜಾಗ ಸಿಕ್ಕಿತ್ತು, ಆದರೆ ಅದು ಊರೂರಿಗೆ ಮುಟ್ಟಲು ಬಹಳ ವರ್ಷ ಹಿಡಿಯಿತು.

ಯೂನಿಕೋಡಿನಲ್ಲಿ ಇನ್ನೊಂದು ತೊಡಕು. 'ಸೂರ್ಯ' ಎಂದು ಬರೆಯುವಾಗ ಅರ್ಕಾವತ್ತು ಕೊನೆಗೆ ಕಾಣುತ್ತದೆ, ಆದರೆ ಗಣಕದ ನೆನಪಿನಲ್ಲಿ 'ರ್' ಮೊದಲು, 'ಯ' ನಂತರ. ಕಾಣುವ ಕ್ರಮಕ್ಕೆ ತಿರುಗಿಸಿ ಜೋಡಿಸುವ ಕೆಲಸ ತಂತ್ರಾಂಶದ್ದು. ಆಫೀಸಿನಲ್ಲಿ ಕನ್ನಡ ಆರಿಸಲು ಆಯ್ಕೆಗಳ ಪಟ್ಟಿಯಲ್ಲಿ ಸಂಕೀರ್ಣ ಲಿಪಿಯ ಬೆಂಬಲಕ್ಕೆ ಟಿಕ್ ಹಾಕಬೇಕಿತ್ತು. ಇದು ತಿಳಿಯದೆ ನಾವು ಒಂದು ವಾರ ಫಾಂಟನ್ನು ಬೈದೆವು. 2013ರ ಲಿಬ್ರೆ ಆಫೀಸ್ 4.1ರಿಂದ ಲಿನಕ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಹೋಯಿತು.

ಇದೇ ಕಾಲದಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಸ್ಥಿತಿ ಬೇರೆ ಇತ್ತು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸಿ, ಆಫೀಸನ್ನೂ ಸೇರಿಸಿಯೇ ಕೊಟ್ಟಿತು. 2017ರಲ್ಲಿ ಅದು ಕೈಟ್ ಸಂಸ್ಥೆಯಾಯಿತು. ಅವರೂ ಗಡಿಯವರು, ನಾವೂ ಗಡಿಯವರು. ಅವರಿಗೆ ಬಡಿಸಿದ ಎಲೆ, ನಮಗೆ ಬುತ್ತಿ ಕಟ್ಟಿಕೊಂಡು ಹೋಗುವ ಪಾಡು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ (ಸ್ವಲ್ಪ ಇದೆ).

ಒಂದು ತಪ್ಪು ನಮ್ಮದೇ. ಕೈಯಿಂದ ಹಾಕಿದ ಲಿಬ್ರೆ ಆಫೀಸ್ ಆಪ್ಟ್ ಫೋಲ್ಡರಿನಲ್ಲಿ ಬೇರೆಯಾಗಿ ಕೂರುತ್ತದೆ. ಯಂತ್ರದ ಉಳಿದ ತಂತ್ರಾಂಶಗಳ ಜೊತೆ ತಾನಾಗಿ ನವೀಕರಣವಾಗುವುದಿಲ್ಲ. ಇದನ್ನರಿಯದೆ ಮೂರು ವರ್ಷ ಒಂದೇ ಆವೃತ್ತಿಯಲ್ಲಿ ಕುಳಿತಿದ್ದೆವು. ಹೊಸ ಸರಣಿ ಹಾಕಿದಾಗ ಹಳೆಯದೂ ಪಕ್ಕದಲ್ಲಿಯೇ ಉಳಿಯುತ್ತದೆ, ಅದನ್ನೂ ಕೈಯಿಂದಲೇ ತೆಗೆಯಬೇಕು. ಪಟ್ಟಿಗಳು ಕನ್ನಡದಲ್ಲಿ ಕಾಣಬೇಕಾದರೆ ಕನ್ನಡದ ಭಾಷಾ ಪ್ಯಾಕನ್ನು ಬೇರೆ ಇಳಿಸಿಕೊಳ್ಳಬೇಕು. 2024ರಿಂದ ಆವೃತ್ತಿಯ ಸಂಖ್ಯೆಯೇ ಇಸವಿ, ತಿಂಗಳು ಹೇಳುತ್ತದೆ, 24.2 ಎಂಬಂತೆ. ಹಾಗಾಗಿ ನಮ್ಮದೆಷ್ಟು ಹಳತು ಎಂದು ಈಗ ಮಕ್ಕಳೇ ಲೆಕ್ಕ ಹಾಕುತ್ತಾರೆ.

ಹಳೆಯ ನುಡಿ ಕಡತಗಳನ್ನು ಪರಿವರ್ತಕದಲ್ಲಿ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಕಣ್ಣಿಂದ ತಿದ್ದಿ ಓಡಿಎಫ್ ಕಡತಗಳಾಗಿ ಇಡುತ್ತಿದ್ದೇವೆ. ನಾಲ್ಕನೆಯ ಇಯತ್ತೆಯವು ಮುಗಿದಿವೆ. ಮೂರನೆಯದರ ಎರಡು ಸಿಡಿಗಳು ಗೀರು ಬಿದ್ದು ತೆರೆಯುತ್ತಿಲ್ಲ. ಅವುಗಳ ಮುದ್ರಿತ ಪ್ರತಿ ಯಾರಲ್ಲಾದರೂ ಇದ್ದರೆ ಕೊಡಿರಿ, ಮತ್ತೆ ಟೈಪ್ ಮಾಡಿಕೊಳ್ಳುತ್ತೇವೆ.